ಪಿತ್ತಳೆ ಟೋಕನ್ನಿನಿಂದ ಚಾಟ್‌ಬಾಟಿನ ಕೊಂಡಿಯವರೆಗೆ

ಈಗೀಗ ಮುಂಬಯಿಯ ಯಾವ ದೊಡ್ಡ ಆಫೀಸಿಗೆ ಹೋದರೂ ಒಂದು ಶಬ್ದ ಕಿವಿಗೆ ಬೀಳುತ್ತದೆ. ಕನೆಕ್ಟರ್! ಬಿಕೆಸಿಯ ಗಾಜಿನ ಕಟ್ಟಡಗಳಿರಲಿ, ನಾರಿಮನ್ ಪಾಯಿಂಟಿನ ಹಳೇ ಬ್ಯಾಂಕ್ ಕಚೇರಿಗಳಿರಲಿ, ಗೋರೆಗಾಂವ್-ಮಲಾಡ್ ಕಡೆಯ ಬ್ಯಾಕ್ ಆಫೀಸುಗಳಿರಲಿ, ಎಲ್ಲ ಕಡೆ ಇದೇ ಮಾತು. ನಾಲ್ಕೈದು ವರ್ಷದ ಹಿಂದೆ ಆಫೀಸಿನ ಚಾಟ್‌ಬಾಟ್ ಅಂದರೆ "ನನ್ನ ರಜೆ ಎಷ್ಟು ಉಳಿದಿದೆ?", "ಗೃಹಸಾಲದ ಹೊಸ ಸರ್ಕ್ಯುಲರ್ ಯಾವುದು?" ಅಂತ ಕೇಳಿದರೆ ಉತ್ತರ ಹೇಳುವ ಒಂದು ಕಿಟಕಿ, ಅಷ್ಟೇ. ಈಗ ಅದಕ್ಕೆ ಕೈಕಾಲು ಬಂದಿದೆ. ಇ-ಮೇಲ್ ಓದುತ್ತದೆ, ಫೈಲು ಹುಡುಕಿ ತರುತ್ತದೆ, ದೂರಿನ ರಿಜಿಸ್ಟರಿನಲ್ಲಿ ಎಂಟ್ರಿ ಹಾಕುತ್ತದೆ, ಮೀಟಿಂಗಿಗೆ ಹೊತ್ತು ಗೊತ್ತುಮಾಡುತ್ತದೆ.

ಈ ಕೈಕಾಲುಗಳೇ ಕನೆಕ್ಟರುಗಳು. ನಾನಿದನ್ನು 'ಕೊಂಡಿ' ಅನ್ನುತ್ತೇನೆ. ವಿಶೇಷ ಏನೆಂದರೆ ಇವನ್ನು ಹಾಕುವುದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ನನ್ನ ಹಾಗೆ ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದವನೂ ಹಾಕಬಹುದು. ಪರದೆಯ ಮೇಲೆ ಒಂದು ಮೆನು ಇರುತ್ತದೆ. ಮೇಲ್, ಕ್ಯಾಲೆಂಡರ್, ಫೈಲುಗಳ ಕಪಾಟು, ದೂರು ವಿಭಾಗ... ಬೇಕಾದ್ದನ್ನು ಆರಿಸಿ, ನಿಮ್ಮ ಐಡಿಯಲ್ಲಿ ಲಾಗಿನ್ ಆಗಿ, 'ಅನುಮತಿಸು' ಅಂತ ಒತ್ತಿದರೆ ಮುಗಿಯಿತು. ಉಡುಪಿ ಹೋಟೆಲಿನಲ್ಲಿ ರೈಸ್ ಪ್ಲೇಟ್ ಹೇಳಿದಷ್ಟು ಸುಲಭ.

ಎಲ್ಲರೂ ಇದನ್ನು ಹೊಚ್ಚ ಹೊಸದು ಅನ್ನುತ್ತಾರೆ. ಮೂರು ದಶಕ ಬ್ಯಾಂಕಿನಲ್ಲಿ ಕಳೆದ ನನಗೆ ಹಾಗನಿಸುವುದಿಲ್ಲ. ಮುಂಬಯಿಯ ಬ್ಯಾಂಕಿಂಗ್ ಚರಿತ್ರೆ ಅಂದರೇ ಒಂದು ಲೆಡ್ಜರನ್ನು ಇನ್ನೊಂದು ಲೆಡ್ಜರಿಗೆ ಜೋಡಿಸುತ್ತಾ ಬಂದ ಚರಿತ್ರೆ. ಆ ಕೊಂಡಿ ಇಲ್ಲದೆ ಮುಳುಗಿದ್ದೂ ಉಂಟು, ಕೊಂಡಿಯನ್ನು ನಂಬಿ ಮುಳುಗಿದ್ದೂ ಉಂಟು. ಹಾಗಾಗಿ ಈ ಚಾಟ್‌ಬಾಟುಗಳ ವಿಷಯ ಮಾತಾಡುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಆಗ ಊರಿನಿಂದ ಬಂದವರು ಮನೆಗೆ ದುಡ್ಡು ಕಳಿಸಬೇಕಾದರೆ ಅಂಚೆಯ ಮನಿ ಆರ್ಡರು, ಇಲ್ಲವೇ ಬ್ಯಾಂಕಿನ ಡಿ.ಡಿ. ತೀರಾ ಅವಸರವಿದ್ದರೆ ಟಿ.ಟಿ., ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ಈ ಟಿ.ಟಿ.ಯ ವ್ಯವಸ್ಥೆ ನೋಡಿ ಎಷ್ಟು ಚೆಂದ. ಫೋರ್ಟ್ ಶಾಖೆಯಿಂದ ಕುಂದಾಪುರದ ಶಾಖೆಗೆ "ಇಂಥವರಿಗೆ ಇಷ್ಟು ಹಣ ಕೊಡಿ" ಅಂತ ತಂತಿ ಹೋದರೆ ಆ ಶಾಖೆಯವರು ಸುಮ್ಮನೆ ಕೊಟ್ಟುಬಿಡುತ್ತಿರಲಿಲ್ಲ. ತಂತಿಯೊಳಗೆ ಒಂದು ಗುಪ್ತ ಸಂಖ್ಯೆ ಇರುತ್ತಿತ್ತು. ಗುಪ್ತ ಕೋಷ್ಟಕದ ಪುಸ್ತಕ ನೋಡಿ ಕಳಿಸುವವರು ಅದನ್ನು ಲೆಕ್ಕ ಹಾಕಬೇಕು, ಅದೇ ಪುಸ್ತಕ ನೋಡಿ ಆ ಕಡೆಯ ಆಫೀಸರು ತಾಳೆ ನೋಡಬೇಕು. ತಾಳೆಯಾದರೆ ಮಾತ್ರ ಹಣ. ಪುಸ್ತಕ ಯಾರ ಕೈಗೂ ಸಿಗದ ಹಾಗೆ ಬೀಗದೊಳಗೆ.

ಅಂದರೆ ಸಂದೇಶ ಬೇರೆ, ಸಂದೇಶದ ಅಧಿಕಾರ ಬೇರೆ. ತಂತಿ ಯಾರು ಬೇಕಾದರೂ ಕಳಿಸಬಹುದು, ಆದರೆ 'ಕೊಡಿ' ಅನ್ನುವ ಹಕ್ಕು ಎಲ್ಲರಿಗೂ ಇಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದಹಾಗೆ ಆ ಕಾಲದ ಪಿತ್ತಳೆ ಟೋಕನ್ ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ! ಕೌಂಟರಿನಲ್ಲಿ ಚೆಕ್ ಕೊಟ್ಟರೆ ನಂಬರು ಕೊರೆದ ಒಂದು ಬಿಲ್ಲೆ ಕೈಗೆ ಬರುತ್ತಿತ್ತು. ಒಳಗೆ ಸಹಿ ತಾಳೆಯಾಗಿ, ಲೆಡ್ಜರಿನಲ್ಲಿ ಎಂಟ್ರಿ ಬಿದ್ದು, ಆಫೀಸರ ಸಹಿಯಾಗಿ ಚೆಕ್ಕು ಕ್ಯಾಶಿಯರನ ಬಳಿ ಹೋಗುವ ತನಕ ಬೆಂಚಿನ ಮೇಲೆ ಕೂತು ಕಾಯುವುದು. ಕ್ಯಾಶಿಯರ್ ನಂಬರು ಕೂಗಿದಾಗ ಬಿಲ್ಲೆ ಕೊಟ್ಟು ಹಣ ತೆಗೆದುಕೊಳ್ಳುವುದು. ಬಿಲ್ಲೆ ಕಳೆದುಹೋದರೆ ದೊಡ್ಡ ಗಲಾಟೆ. ಯಾಕೆಂದರೆ ಬಿಲ್ಲೆ ಯಾರ ಕೈಯಲ್ಲಿದೆಯೋ ಹಣಕ್ಕೆ ಅವರೇ ಕೈಯೊಡ್ಡಬಹುದು.

ಇನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಇದ್ದ ಕೊಂಡಿ ಕ್ಲಿಯರಿಂಗ್ ಹೌಸು. ಎಲ್ಲ ಬ್ಯಾಂಕಿನವರೂ ಒಂದು ಕಡೆ ಸೇರಿ, ನಿಮ್ಮ ಚೆಕ್ಕು ನಮಗೆ, ನಮ್ಮ ಚೆಕ್ಕು ನಿಮಗೆ ಅಂತ ಬದಲಾಯಿಸಿಕೊಳ್ಳುವ ಜಾಗ. ಚೆಕ್ಕುಗಳ ರಾಶಿ ಬೆಳೆದು ಕೈಯಲ್ಲಿ ಎಣಿಸಿ ಮುಗಿಯದಂತಾದಾಗ, 1980ರ ದಶಕದ ಉತ್ತರಾರ್ಧದಲ್ಲಿ ರಿಸರ್ವ್ ಬ್ಯಾಂಕು ಮುಂಬಯಿ ಮತ್ತಿತರ ಮಹಾನಗರಗಳಲ್ಲಿ ಎಂಐಸಿಆರ್ ತಂದಿತು. ಚೆಕ್ಕಿನ ಕೆಳಗೆ ಅಯಸ್ಕಾಂತದ ಶಾಯಿಯಲ್ಲಿ ಅಚ್ಚಾದ ಅಂಕೆಗಳನ್ನು ನೀವು ನೋಡಿಯೇ ಇರುತ್ತೀರಿ. ಅದರಲ್ಲಿ ಒಂಬತ್ತು ಅಂಕೆಯ ಒಂದು ಸಂಖ್ಯೆ ಇದೆ. ಮೊದಲ ಮೂರು ಊರು, ಮುಂದಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಮುಂಬಯಿಯದು 400, ಬೆಂಗಳೂರಿನದು 560, ಮಂಗಳೂರಿನದು 575. ಪಿನ್‌ಕೋಡಿನ ಮೊದಲ ಮೂರು ಅಂಕೆಗಳೇ!

ಯಂತ್ರ ದೊಡ್ಡದಲ್ಲ, ಈ ಒಪ್ಪಂದ ದೊಡ್ಡದು. ಎಲ್ಲ ಬ್ಯಾಂಕುಗಳೂ ಒಂದೇ ಅಳತೆಯ ಚೆಕ್ಕು, ಒಂದೇ ಜಾಗದಲ್ಲಿ ಅಂಕೆ ಅಂತ ಒಪ್ಪಿಕೊಂಡ ಮೇಲೆಯೇ ಯಂತ್ರಕ್ಕೆ ಕೆಲಸ. 'ಸಿದ್ಧ ಕೊಂಡಿ' ಅಂತ ಈಗ ಯಾವುದನ್ನು ಕರೆಯುತ್ತೇವೋ ಅದರ ಹಿಂದೆಲ್ಲ ಹೀಗೆ ಯಾರೋ ಕೂತು ಮಾಡಿದ ವರ್ಷಗಟ್ಟಲೆಯ ಒಪ್ಪಂದವಿರುತ್ತದೆ. ಕೋಡ್ ಬೇಡ ಅಂದರೆ ಕೋಡೇ ಇಲ್ಲ ಅಂತಲ್ಲ, ಬೇರೆ ಯಾರೋ ಮೊದಲೇ ಬರೆದಿಟ್ಟಿದ್ದಾರೆ ಅಂತ ಅರ್ಥ.

ಇರಲಿ. ಚೆಕ್ಕಿಗೆ ಕೊಂಡಿ ಬಂತು, ಸರ್ಕಾರಿ ಸಾಲಪತ್ರಗಳಿಗೆ ಬರಲಿಲ್ಲ. ಅದರ ಫಲ 1992ರಲ್ಲಿ ಕಂಡಿತು. ಯಾವ ಬ್ಯಾಂಕಿನ ಬಳಿ ಎಷ್ಟು ಸರ್ಕಾರಿ ಪತ್ರಗಳಿವೆ ಅನ್ನುವ ಲೆಕ್ಕವನ್ನು ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಸಾಲ ಕಚೇರಿಯಲ್ಲಿ ಕೈಬರಹದಲ್ಲೇ ಇಡುತ್ತಿದ್ದರು. ತಡವಾಗುತ್ತಿತ್ತು. ಬ್ಯಾಂಕುಗಳು ಪತ್ರಗಳ ಬದಲು 'ಬ್ಯಾಂಕ್ ರಸೀದಿ' ಬರೆದು ಕೊಟ್ಟು ವ್ಯವಹಾರ ಮಾಡುತ್ತಿದ್ದವು. ಒಂದು ಬ್ಯಾಂಕಿಗೂ ಇನ್ನೊಂದಕ್ಕೂ ನಡುವೆ ಓಡಾಡುತ್ತಿದ್ದವನು ದಲ್ಲಾಳಿ. ಅವನೇ ಕೊಂಡಿ! ಹರ್ಷದ್ ಮೆಹ್ತಾ ಆ ಜಾಗದಲ್ಲಿ ನಿಂತಿದ್ದ. ಒಂದು ಬ್ಯಾಂಕಿನ ಹೆಸರಿಗೆ ಬರೆದ ಚೆಕ್ಕು ಅವನ ಖಾತೆಗೆ ಜಮಾ ಆಗುತ್ತಿತ್ತು. ಬ್ಯಾಂಕ್ ಆಫ್ ಕರಾಡ್ ಮುಂತಾದ ಚಿಕ್ಕ ಬ್ಯಾಂಕುಗಳು ಹಿಂದೆ ಏನೂ ಇಲ್ಲದ ರಸೀದಿಗಳನ್ನು ಕೊಟ್ಟಿದ್ದವು. ಆ ವರ್ಷ ಏಪ್ರಿಲಿನಲ್ಲಿ ಪತ್ರಕರ್ತೆ ಸುಚೇತಾ ದಲಾಲ್ ವಿಷಯ ಹೊರಗೆ ತಂದರು. ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಜಾನಕಿರಾಮನ್ ಅವರ ಸಮಿತಿ ಎಲ್ಲವನ್ನೂ ಬಿಡಿಸಿಟ್ಟಿತು.

ಆಮೇಲೆ ಸರಿಯಾದ ಕೊಂಡಿಗಳು ಬಂದವು. 1995ರಲ್ಲಿ ಪತ್ರ ಕೈಗೆ ಬಂದಾಗಲೇ ಹಣ ಅನ್ನುವ ಪದ್ಧತಿ, 2002ರ ಫೆಬ್ರವರಿಯಲ್ಲಿ ಕಂಪ್ಯೂಟರಿನ ಮೇಲೆ ವ್ಯವಹಾರ ಕುದುರಿಸುವ ವ್ಯವಸ್ಥೆ, ಅದರ ಬೆನ್ನಿಗೆ ಕ್ಲಿಯರಿಂಗ್ ಕಾರ್ಪೊರೇಷನ್. ನನಗೆ ತಿಳಿದ ಮಟ್ಟಿಗೆ ಮೊದಲ ಪಾಠ ಇದು. ಎರಡು ಲೆಡ್ಜರುಗಳ ನಡುವೆ ನೀವು ಕೊಂಡಿ ಹಾಕದಿದ್ದರೆ ಜಾಗ ಖಾಲಿ ಇರುವುದಿಲ್ಲ, ಇನ್ಯಾರೋ ಬಂದು ನಿಲ್ಲುತ್ತಾರೆ.

ಇಷ್ಟರಲ್ಲಿ ಕಂಪ್ಯೂಟರೂ ಬಂದಿತ್ತು. ನೌಕರರ ಸಂಘಗಳ ಜೊತೆ ಮೊದಲ ಒಪ್ಪಂದವಾದದ್ದು 1983ರಲ್ಲಿ, ಡಾ. ರಂಗರಾಜನ್ ಸಮಿತಿಯ ವರದಿ ಬಂದದ್ದು 1984ರಲ್ಲಿ. ಆದರೂ ಆಮೆಯ ನಡಿಗೆ. 1998ರಲ್ಲಿ ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್ ಅವರು 2001ರ ಜನವರಿ 1ರೊಳಗೆ ಬ್ಯಾಂಕುಗಳ ಶೇಕಡಾ 70ರಷ್ಟು ವ್ಯವಹಾರ ಕಂಪ್ಯೂಟರಿಗೆ ಬರಬೇಕು ಅಂತ ಆದೇಶ ಕೊಟ್ಟ ಮೇಲೆ ಓಟ ಶುರುವಾಯಿತು. ಅದೇ ಹೊತ್ತಿಗೆ ಸ್ವಯಂ ನಿವೃತ್ತಿ ಯೋಜನೆ. ದೇಶದಲ್ಲಿ ಸುಮಾರು ಒಂದು ಲಕ್ಷ ಬ್ಯಾಂಕ್ ನೌಕರರು ಹೊರಗೆ ಹೋದರು. ನಮ್ಮ ಕರಾವಳಿಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಬ್ಯಾಂಕ್ ಗುಮಾಸ್ತರಾಗಿದ್ದ ಎಷ್ಟೋ ಹಿರಿಯರು ಆಗ ಹೊರಟರು. ಯಾವ ಎಂಟ್ರಿ ಎಲ್ಲಿ ತಪ್ಪಿರಬಹುದು ಅಂತ ಮೂಗಿನಿಂದಲೇ ಹೇಳಬಲ್ಲವರು ಅವರು. ಅವರ ಜಾಗಕ್ಕೆ ಸಾಫ್ಟ್‌ವೇರ್ ಬಂತು, ಅವರ ಸಂಶಯ ಬರಲಿಲ್ಲ.

ಎಟಿಎಂನ ಕಥೆಯೂ ಸ್ವಾರಸ್ಯವಾಗಿದೆ. ದೇಶದ ಮೊದಲ ಎಟಿಎಂ 1987ರಲ್ಲಿ ಎಚ್‌ಎಸ್‌ಬಿಸಿ ಹಾಕಿದ್ದು ಇದೇ ಮುಂಬಯಿಯಲ್ಲಿ. ಆದರೆ ಒಂದು ಬ್ಯಾಂಕಿನ ಕಾರ್ಡು ಇನ್ನೊಂದು ಬ್ಯಾಂಕಿನ ಮೆಷೀನಿನಲ್ಲಿ ನಡೆಯಬೇಕಲ್ಲ? 1997ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ 'ಸ್ವಧನ್' ಅನ್ನುವ ಜಾಲ ಕಟ್ಟಿತು. 53 ಬ್ಯಾಂಕುಗಳು, ಸಾವಿರಕ್ಕೂ ಹೆಚ್ಚು ಎಟಿಎಂಗಳು ಸೇರಿದವು. ದಿನಕ್ಕೆ ಲಕ್ಷಕ್ಕೂ ಹೆಚ್ಚು ವ್ಯವಹಾರ ತಡೆಯುವ ಶಕ್ತಿ ಇದ್ದ ಜಾಲದಲ್ಲಿ ನಡೆಯುತ್ತಿದ್ದದ್ದು ಐದು ಸಾವಿರದಷ್ಟು! ನಡೆಸುವ ಕಂಪನಿಯ ಕರಾರು ಮುಗಿದ ಮೇಲೆ ಈ ನಷ್ಟದ ಬಾಬ್ತನ್ನು ವಹಿಸಿಕೊಳ್ಳಲು ಯಾರೂ ಬರಲಿಲ್ಲ. 2003ರ ಡಿಸೆಂಬರ್ 31ಕ್ಕೆ ಸ್ವಧನ್ ಮುಚ್ಚಿತು. ಕಾರ್ಡು ಹಾಗೇ ಇದೆ, ಮೆಷೀನೂ ಹಾಗೇ ಇದೆ, ನಡುವಿನ ಕೊಂಡಿ ಮಾತ್ರ ಇಲ್ಲ.

ಆಮೇಲೆ 2004ರ ಆಗಸ್ಟಿನಲ್ಲಿ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಶುರುಮಾಡಿದಾಗ ಮೊದಲು ಸೇರಿದ ಮೂರೇ ಬ್ಯಾಂಕುಗಳಲ್ಲಿ ಒಂದು ನಮ್ಮ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು. ಇನ್ನೆರಡು ಬ್ಯಾಂಕ್ ಆಫ್ ಬರೋಡಾ ಮತ್ತು ಐಸಿಐಸಿಐ. 2009ರ ಡಿಸೆಂಬರಿನಲ್ಲಿ ಆ ಸ್ವಿಚ್ಚನ್ನು ಮುಂಬಯಿಯ ಎನ್‌ಪಿಸಿಐ ವಹಿಸಿಕೊಂಡಿತು. ಅದೇ ಸಂಸ್ಥೆ 2010ರ ನವೆಂಬರಿನಲ್ಲಿ ಐಎಂಪಿಎಸ್, 2016ರ ಏಪ್ರಿಲಿನಲ್ಲಿ ಯುಪಿಐ ತಂದದ್ದು ನಿಮಗೆ ಗೊತ್ತೇ ಇದೆ. ಇವತ್ತು ವಡಾಪಾವ್ ಗಾಡಿಯವನ ಮುಂದೆ ಇಟ್ಟಿರುವ ಕ್ಯೂಆರ್ ಚೀಟಿಯೂ ಒಂದು ಸಿದ್ಧ ಕೊಂಡಿಯೇ. ಅವನು ಕೋಡ್ ಬರೆದಿಲ್ಲ, ಅಂಟಿಸಿದ್ದಾನೆ ಅಷ್ಟೇ. ಆದರೆ ನೋಡಿ, ಹಣ ಹೋಗಬೇಕಾದರೆ ಸಾಮಾನ್ಯವಾಗಿ ನೀವೇ ಪಿನ್ ಒತ್ತಬೇಕು. ಚಿಕ್ಕ ಮೊತ್ತಕ್ಕೆ ಪಿನ್ ಬೇಡದ 'ಲೈಟ್' ಇದೆ, ಅದಕ್ಕೂ ಮಿತಿ ಇದೆ.

ಕೊಂಡಿ ಕಡಿದರೆ ಏನಾಗುತ್ತದೆ ಅಂತ ನಮ್ಮ ಕರಾವಳಿಯ ಬ್ಯಾಂಕುಗಳ ಗ್ರಾಹಕರಿಗೆ ಚೆನ್ನಾಗಿ ಗೊತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಐಎಫ್‌ಎಸ್‌ಸಿಯ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕಿನ ಗುರುತು. 2021ರ ಜುಲೈ 1ರಿಂದ 'ಎಸ್‌ವೈಎನ್‌ಬಿ' ಅನ್ನುವ ನಾಲ್ಕು ಅಕ್ಷರ ನಡೆಯದಾಯಿತು. ಬೋರ್ಡು ಬದಲಾದದ್ದಕ್ಕೆ ಬೇಜಾರಾದವರು ಬಹಳ ಮಂದಿ. ಆದರೆ ಬಡ್ಡಿ, ಡಿವಿಡೆಂಡು, ಪಿಂಚಣಿ ಬರುವ ದಾರಿಗಳನ್ನೆಲ್ಲ ಒಂದೊಂದಾಗಿ ಹುಡುಕಿ ಹೊಸ ಕೋಡು ಬರೆಸಿದವರಿಗೆ ಒಂದು ಸತ್ಯ ಗೊತ್ತಾಯಿತು. ಕೊಂಡಿ ಎಷ್ಟು ಇವೆ ಅಂತ ಯಾರೂ ಪಟ್ಟಿ ಇಟ್ಟಿರುವುದಿಲ್ಲ, ಕಡಿದಾಗಲೇ ಎಣಿಸುವುದು!

ಈಗ 2018ಕ್ಕೆ ಬರೋಣ. ಫೋರ್ಟಿನ ಬ್ರಾಡಿ ಹೌಸ್ ಕಟ್ಟಡದಲ್ಲಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಶಾಖೆಯ ಸುದ್ದಿ ಫೆಬ್ರವರಿ 14ರಂದು ಹೊರಬಿತ್ತು. ಮೊದಲ ಅಂದಾಜೇ ಸುಮಾರು 11,400 ಕೋಟಿ ರೂಪಾಯಿ. ವಜ್ರದ ವ್ಯಾಪಾರಿಯ ಕಂಪನಿಗಳಿಗೆ ಕೊಟ್ಟ ಹೊಣೆಪತ್ರಗಳು ಸ್ವಿಫ್ಟ್ ಜಾಲದಲ್ಲಿ ವಿದೇಶದ ಶಾಖೆಗಳಿಗೆ ಹೋದವು, ಆದರೆ ಬ್ಯಾಂಕಿನ ಕೋರ್ ಬ್ಯಾಂಕಿಂಗ್ ಲೆಡ್ಜರಿನಲ್ಲಿ ಅವುಗಳ ಎಂಟ್ರಿಯೇ ಇಲ್ಲ. ಯಾಕೆ? ಸ್ವಿಫ್ಟಿಗೂ ಕೋರ್ ಬ್ಯಾಂಕಿಂಗಿಗೂ ಕೊಂಡಿ ಇರಲಿಲ್ಲ. ಎರಡು ಕಡೆಯೂ ಕೈಯಿಂದಲೇ ಹಾಕಬೇಕು, ಒಂದು ಕಡೆ ಹಾಕಿದರು, ಇನ್ನೊಂದು ಕಡೆ ಬಿಟ್ಟರು. 2016ರ ಆಗಸ್ಟಿನಿಂದ ಕನಿಷ್ಠ ಮೂರು ಸಲ ಎಚ್ಚರಿಸಿದ್ದೆವು ಅಂತ ರಿಸರ್ವ್ ಬ್ಯಾಂಕು ಹೇಳಿತು. ಏಪ್ರಿಲ್ 30ರೊಳಗೆ ಎರಡನ್ನೂ ಜೋಡಿಸಿ ಅಂತ ಎಲ್ಲ ಬ್ಯಾಂಕುಗಳಿಗೆ ಗಡುವು ಕೊಟ್ಟಿತು. ಸ್ವಿಫ್ಟಿನ ನಿಯಮ ಪಾಲಿಸದ 36 ಬ್ಯಾಂಕುಗಳಿಗೆ 2019ರಲ್ಲಿ ಒಟ್ಟು 71 ಕೋಟಿ ರೂಪಾಯಿ ದಂಡ ಹಾಕಿತು.

1992ರ ಪಾಠವೇ ಮತ್ತೆ. ಕೊಂಡಿ ಇಲ್ಲದ ಸಂದಿಯಲ್ಲಿ ಕಳ್ಳ ಕೂರುತ್ತಾನೆ. ಇದನ್ನು ಕೇಳಿದವರು "ಹಾಗಾದರೆ ಎಲ್ಲವನ್ನೂ ಎಲ್ಲದಕ್ಕೂ ಜೋಡಿಸಿಬಿಡೋಣ" ಅನ್ನುತ್ತಾರೆ. ಇಲ್ಲಿಂದಲೇ ಚಾಟ್‌ಬಾಟಿನ ಕಥೆ ಶುರು.

ಮುಂಬಯಿಯಲ್ಲಿ 2013ರಲ್ಲಿ ಹ್ಯಾಪ್ಟಿಕ್ ಅಂತ ಒಂದು ಕಂಪನಿ ಹುಟ್ಟಿತು. ಮೊದಮೊದಲು ಅದರ ಚಾಟಿನಲ್ಲಿ ಉತ್ತರ ಬರೆಯುತ್ತಿದ್ದವರು ಮನುಷ್ಯರೇ. ನಿಧಾನವಾಗಿ ಯಂತ್ರ ಆ ಜಾಗಕ್ಕೆ ಬಂತು. 2019ರಲ್ಲಿ ರಿಲಯನ್ಸ್ ಜಿಯೋ ಅದನ್ನು ಕೊಂಡಿತು. 2020ರ ಮಾರ್ಚಿನಲ್ಲಿ ಕೊರೊನಾ ಮಾಹಿತಿಗೆ ಸರ್ಕಾರ ವಾಟ್ಸಪ್ಪಿನಲ್ಲಿ ತಂದ ಸಹಾಯವಾಣಿಯನ್ನು ಕಟ್ಟಿಕೊಟ್ಟವರು ಇವರೇ. ಬ್ಯಾಂಕುಗಳಲ್ಲಿ 2017ರಲ್ಲಿ ಎಚ್‌ಡಿಎಫ್‌ಸಿಯ 'ಈವಾ' ಬಂತು. ಅದನ್ನು ಮಾಡಿದ್ದು ಬೆಂಗಳೂರಿನ ಸೆನ್ಸ್‌ಫೋರ್ತ್. ಅದೇ ವರ್ಷ ಸ್ಟೇಟ್ ಬ್ಯಾಂಕಿನದೂ, ಐಸಿಐಸಿಐಯದೂ ಬಂದವು. ಇವೆಲ್ಲ ಗ್ರಾಹಕರಿಗಾಗಿ. ಆಮೇಲೆ ಸಿಬ್ಬಂದಿಗಾಗಿಯೂ ಬಂದವು. ಬಿಕೆಸಿಯಲ್ಲಿ ಕಾರ್ಪೊರೇಟ್ ಕಚೇರಿ ಇರುವ ಬ್ಯಾಂಕ್ ಆಫ್ ಬರೋಡಾ 'ಜ್ಞಾನ್‌ಸಹಾಯ್' ಅನ್ನುವುದನ್ನು ತನ್ನ ನೌಕರರಿಗೆ ನಿಯಮಗಳನ್ನು ಹುಡುಕಿಕೊಡುವುದಕ್ಕೆ ಇಟ್ಟಿತು.

ಕೊಂಡಿಗಳ ಅಂಗಡಿ ಬೇರೆ ಕಡೆ ಬೆಳೆಯುತ್ತಿತ್ತು. 2011ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಶುರುವಾದ ಜೇಪಿಯರ್ "ಇದಾದರೆ ಅದು ಮಾಡು" ಅನ್ನುವ ಸರಳ ಸೂತ್ರದಿಂದ ಒಂದು ಸಾಫ್ಟ್‌ವೇರನ್ನು ಇನ್ನೊಂದಕ್ಕೆ ಕಟ್ಟಿಕೊಟ್ಟಿತು. ಮೈಕ್ರೋಸಾಫ್ಟ್ ಅದೇ ದಾರಿ ಹಿಡಿದು ಸಾವಿರಕ್ಕೂ ಹೆಚ್ಚು ಸಿದ್ಧ ಕನೆಕ್ಟರುಗಳನ್ನು ಜೋಡಿಸಿಟ್ಟು, 2023ರ ನವೆಂಬರಿನಲ್ಲಿ ಕೋಪೈಲಟ್ ಸ್ಟುಡಿಯೋ ಹೆಸರಿನಲ್ಲಿ ಅವನ್ನು ಚಾಟ್‌ಬಾಟಿಗೆ ಕೊಟ್ಟಿತು. 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಕಂಪನಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಅನ್ನುವ ಸಾಮಾನ್ಯ ಒಪ್ಪಂದವೊಂದನ್ನು ಮುಂದಿಟ್ಟಿತು. ಎದುರಾಳಿ ಕಂಪನಿಗಳೂ ಮರುವರ್ಷ ಒಪ್ಪಿಕೊಂಡವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಚಾಟ್‌ಬಾಟುಗಳ ಎಂಐಸಿಆರ್.

ಸರಿ, ತೊಂದರೆ ಎಲ್ಲಿ? 'ಅನುಮತಿಸು' ಅಂತ ಒತ್ತಿದಾಗ ಒಳಗೆ ಏನಾಗುತ್ತದೆ ಅಂತ ಕೇಳಿ ನೋಡಿ. ಚಾಟ್‌ಬಾಟಿಗೆ ಒಂದು ಟೋಕನ್ ಸಿಗುತ್ತದೆ. ಹೆಸರೂ ಅದೇ, ಟೋಕನ್! ಅದನ್ನು ತೋರಿಸಿದರೆ ನಿಮ್ಮ ಹೆಸರಿನಲ್ಲಿ, ನಿಮಗಿರುವ ಹಕ್ಕಿನಲ್ಲಿ ಬಾಗಿಲು ತೆರೆಯುತ್ತದೆ. ಪಿತ್ತಳೆ ಬಿಲ್ಲೆಯಾದರೆ ಒಂದು ಚೆಕ್ಕಿಗೆ ಒಂದು, ಸಂಜೆ ಕ್ಯಾಶ್ ಮುಚ್ಚುವಾಗ ಎಣಿಸಿ ಪೆಟ್ಟಿಗೆಗೆ ಹಾಕುತ್ತಿದ್ದೆವು. ಈ ಬಿಲ್ಲೆ ಹಾಗಲ್ಲ. ಎಷ್ಟೋ ಕಡೆ ಯಾರಾದರೂ ರದ್ದು ಮಾಡುವ ತನಕ ಬದುಕಿರುತ್ತದೆ. ನೀವು ವರ್ಗವಾಗಿ ಹೋದರೂ, ಆ ಚಾಟ್‌ಬಾಟನ್ನು ಎಲ್ಲರೂ ಮರೆತರೂ.

2025ರ ಆಗಸ್ಟಿನಲ್ಲಿ ಇದು ಕಣ್ಣಿಗೆ ಕಂಡಿತು. ಸೇಲ್ಸ್‌ಲಾಫ್ಟ್ ಅನ್ನುವ ಕಂಪನಿಯ 'ಡ್ರಿಫ್ಟ್' ಚಾಟ್‌ಬಾಟನ್ನು ಜಗತ್ತಿನ ನೂರಾರು ಕಂಪನಿಗಳು ತಮ್ಮ ಗ್ರಾಹಕರ ಮಾಹಿತಿ ಇಟ್ಟಿದ್ದ ಸೇಲ್ಸ್‌ಫೋರ್ಸಿಗೆ ಕೊಂಡಿ ಹಾಕಿದ್ದವು. ಕಳ್ಳರು ಆ ನೂರಾರು ಕಂಪನಿಗಳ ಬೀಗವನ್ನು ಒಡೆಯಲಿಲ್ಲ. ಡ್ರಿಫ್ಟಿನ ಟೋಕನ್‌ಗಳನ್ನು ಕದ್ದರು. 700ಕ್ಕೂ ಹೆಚ್ಚು ಸಂಸ್ಥೆಗಳ ಮೇಲೆ ಅದರ ಪೆಟ್ಟು ಬಿತ್ತು. ಕ್ಲೌಡ್‌ಫ್ಲೇರ್, ಜೀಸ್ಕೇಲರ್, ಪಾಲೋ ಆಲ್ಟೋ ನೆಟ್‌ವರ್ಕ್ಸ್... ಬೇರೆಯವರಿಗೆ ಭದ್ರತೆ ಮಾರುವ ಕಂಪನಿಗಳೇ ಆ ಪಟ್ಟಿಯಲ್ಲಿದ್ದವು!

ಇನ್ನೊಂದು ತೊಂದರೆ ಇದಕ್ಕಿಂತ ವಿಚಿತ್ರ. ಚಾಟ್‌ಬಾಟಿಗೆ ಓದಿದ್ದು ಯಾವುದು, ಆಜ್ಞೆ ಯಾವುದು ಅಂತ ಸರಿಯಾಗಿ ಬೇರೆ ಮಾಡಲು ಬರುವುದಿಲ್ಲ. ಹೊರಗಿನವನು ಕಳಿಸಿದ ಮೇಲಿನೊಳಗೆ "ಈ ಫೈಲಿನಲ್ಲಿರುವುದನ್ನು ನನಗೆ ಕಳಿಸು" ಅಂತ ಅಡಗಿಸಿ ಬರೆದಿದ್ದರೆ ಅದನ್ನೂ ಪಾಲಿಸಿಬಿಡಬಹುದು. 2025ರ ಜೂನಿನಲ್ಲಿ ಮೈಕ್ರೋಸಾಫ್ಟಿನ ಕೋಪೈಲಟ್‌ನಲ್ಲಿ ಇಂಥದೇ ದೋಷವೊಂದನ್ನು ಸಂಶೋಧಕರು ಪ್ರಕಟಿಸಿದರು, ಕಂಪನಿ ಸರಿಪಡಿಸಿತು. ಹಣ ಕಟ್ಟುವ ಚೀಟಿಯ ಹಿಂದೆ "ಈ ಮನುಷ್ಯನಿಗೆ ಹತ್ತು ಸಾವಿರ ಕೊಡಿ" ಅಂತ ಗೀಚಿದ್ದರೆ ಯಾವ ಕ್ಯಾಶಿಯರನೂ ಕೊಡುವುದಿಲ್ಲ. ಈ ಹೊಸ ಕ್ಯಾಶಿಯರ್ ಕೊಟ್ಟರೂ ಕೊಟ್ಟಾನು. ಟಿ.ಟಿ.ಯ ಗುಪ್ತ ಸಂಖ್ಯೆ ಯಾಕೆ ಬೇಕಿತ್ತು ಅಂತ ಈಗ ಅರ್ಥವಾಯಿತಲ್ಲ?

ಕೊಂಡಿಯೇ ಬೇಡ ಅನ್ನುವವನು ನಾನಲ್ಲ, ಬ್ರಾಡಿ ಹೌಸಿನ ಕಥೆ ಗೊತ್ತಿದ್ದೂ ಹಾಗನ್ನಲಾರೆ. ಆದರೆ ಬ್ಯಾಂಕಿನಲ್ಲಿ ಒಂದು ಹಳೆಯ ಕಟ್ಟಳೆ ಇದೆ, ಹಾಕುವವನು ಒಬ್ಬ, ನೋಡಿ ಸಹಿ ಮಾಡುವವನು ಇನ್ನೊಬ್ಬ. ಸಿದ್ಧ ಕೊಂಡಿಗಳು ಈ ಇಬ್ಬರನ್ನೂ ಒಂದೇ ಬಟನ್ನಿನೊಳಗೆ ಸೇರಿಸಿಬಿಡುತ್ತವೆ. ಕೆಲಸ ಬೇಗ ಮುಗಿಯಲಿ ಅಂತ ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಸಾಲ ವಿಭಾಗದ ಫೋಲ್ಡರಿಗೆ ಕೊಂಡಿ ಹಾಕಿಬಿಟ್ಟರೆ ಅದನ್ನು ನೋಡಿದವರು ಯಾರು? ನಾಳೆ ಹೆಚ್ಚುಕಡಿಮೆಯಾದರೆ ಬ್ಯಾಂಕು ಚಾರ್ಜ್‌ಶೀಟ್ ಕೊಡುವುದು ಚಾಟ್‌ಬಾಟಿಗಲ್ಲ. ಯಾರ ಐಡಿಯಲ್ಲಿ ಕೊಂಡಿ ಹಾಕಿದೆಯೋ ಅವರಿಗೆ, ಅವರ ಮೇಲಿನ ಆಫೀಸರಿಗೆ. ಇಪ್ಪತ್ತೈದು ವರ್ಷದ ಸರ್ವಿಸ್ಸು ಒಂದು ಎಂಟ್ರಿಗೆ ತೂಗಾಡಿದ್ದನ್ನು ನೋಡಿದವನು ನಾನು.

ಹಾಗಾಗಿ ಯಾರಾದರೂ ಕೊಂಡಿಗೆ ಒಪ್ಪಿಗೆ ಕೇಳಿ ಬಂದರೆ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಯಾರ ಹೆಸರಿನ ಹಕ್ಕಿನಲ್ಲಿ ಇದು ನಡೆಯುತ್ತದೆ? ಬರೀ ಓದುತ್ತದೆಯೋ, ಬರೆಯುತ್ತದೆಯೋ? ಬರೆಯುವುದಾದರೆ ನಡುವೆ ಮನುಷ್ಯನ ಸಹಿ ಎಲ್ಲಿದೆ? ಈ ಟೋಕನ್ ಸಾಯುವುದು ಯಾವಾಗ, ಸಂಜೆ ಎಣಿಸುವವರು ಯಾರು? ಈ ನಾಲ್ಕಕ್ಕೂ ಉತ್ತರವಿದ್ದರೆ ಸಹಿ, ಇಲ್ಲದಿದ್ದರೆ ಇಲ್ಲ. ಹುಡುಗರು "ಸರ್ ಹಳೇ ಕಾಲದವರು" ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ.

ಆದರೆ ಸಮಾಧಾನದ ವಿಷಯವೂ ಇದೆ. ಹಣಕಾಸು ವಲಯದಲ್ಲಿ ಎಐ ಹೇಗಿರಬೇಕು ಅಂತ ರಿಸರ್ವ್ ಬ್ಯಾಂಕು 2024ರ ಡಿಸೆಂಬರಿನಲ್ಲಿ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಇಲ್ಲೇ ಪವಾಯಿಯ ಐಐಟಿಯ ಪ್ರೊಫೆಸರ್ ಪುಷ್ಪಕ್ ಭಟ್ಟಾಚಾರ್ಯ. 2025ರ ಆಗಸ್ಟಿನಲ್ಲಿ ವರದಿ ಬಂತು. ಏಳು ಸೂತ್ರ, 26 ಶಿಫಾರಸು. ಆ ಏಳರಲ್ಲಿ ಹೊಣೆಗಾರಿಕೆಯೂ ಒಂದು. ಯಂತ್ರ ಏನೇ ಮಾಡಲಿ, ಹೊಣೆ ಅದನ್ನು ಇಟ್ಟುಕೊಂಡ ಸಂಸ್ಥೆಯದೇ. ನಮ್ಮ ಹಳೇ ಗುಮಾಸ್ತರು ಇದನ್ನು ಕೇಳಿದ್ದರೆ "ಅದರಲ್ಲಿ ಹೊಸತೇನುಂಟು ಮಾರಾಯ್ರೆ?" ಅನ್ನುತ್ತಿದ್ದರು.

ಕೊಂಡಿ ಸಿದ್ಧವಾಗಿ ಸಿಗುತ್ತದೆ, ಜವಾಬ್ದಾರಿ ಸಿದ್ಧವಾಗಿ ಸಿಗುವುದಿಲ್ಲ. ಅದನ್ನು ಪ್ರತಿ ಆಫೀಸೂ ತಾನೇ ಕೂತು ಮಾಡಿಕೊಳ್ಳಬೇಕು. ನಿಮ್ಮಲ್ಲಿ ಅನೇಕರು ಬೆಂಗಳೂರು, ಪುಣೆ, ದುಬೈ ಅಂತ ಬೇರೆ ಬೇರೆ ಕಡೆ ಇಂಥ ಆಫೀಸುಗಳಲ್ಲೇ ಇದ್ದೀರಿ. ನಿಮ್ಮ ಹೆಸರಿನ ಎಷ್ಟು ಟೋಕನ್‌ಗಳು ಹೊರಗಿವೆ ಅಂತ ನಾಳೆ ಆಫೀಸಿಗೆ ಹೋದಾಗ ಒಮ್ಮೆ ಎಣಿಸಿ ನೋಡಿ. ಲೆಕ್ಕ ತಾಳೆಯಾಯಿತೋ ಇಲ್ಲವೋ ನನಗೂ ತಿಳಿಸಿ.